ಮಾರಯ್ಯ ಯಾವ ಸಭೆಯವನು

ಶಿವಗಂಗಮ್ಮನ ಕಾಲು ತಮಗೇ ಸೇರಬೇಕೆಂದು ಮೂರು ಚರ್ಚಿನವರೂ ಕೇಳಿಕೊಂಡು ಬಂದ ದಿನ ಅವಳು ಎಸ್ಟೇಟಿನ ಹದಿನಾಲ್ಕನೇ ಬ್ಲಾಕಿನಲ್ಲಿ ರೊಬಸ್ಟಾ ಕಾಫಿ ಕೊಯ್ಯುತ್ತಿದ್ದಳು. ಸೊಂಟಕ್ಕೆ ಚೀಲ ಕಟ್ಟಿದ್ದಳು. ಚಗಳಿ ಇರುವೆ ರವಿಕೆಯೊಳಗೆ ಇಳಿದು ಕಚ್ಚುತ್ತಿತ್ತು. ಎರಡು ಕೈಯೂ ಗಿಡದಲ್ಲಿದ್ದವು. ಕೆರೆದುಕೊಳ್ಳಲು ಪುರುಸೊತ್ತಿರಲಿಲ್ಲ.

ಮೊದಲು ಬಂದವರು ಮೇಲಿನ ಚರ್ಚಿನ ಫಾದರ್. ಬಿಳಿ ನಿಲುವಂಗಿಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ಗಿಡಗಳ ನಡುವೆ ದಾರಿ ಹುಡುಕುತ್ತಾ ಬಂದರು.

“ಶಿವಗಂಗಮ್ಮ, ಇಪ್ಪತ್ತೈದನೇ ತಾರೀಕು ಭಾನುವಾರ ನಿನ್ನ ಕಾಲು ಬೇಕಿತ್ತು.”

“ಎಂತಕ್ಕೆ ಫಾದರ್?”

“ತೊಳೀಲಿಕ್ಕೆ.”

ಅವಳಿಗೆ ತಲೆಬುಡ ತಿಳಿಯಲಿಲ್ಲ. ಕೇಳುವಷ್ಟರಲ್ಲಿ ಕೆಳಗಿನ ಚರ್ಚಿನ ಬೋಧಕರಾದ ಸೋನ್ಸ್ ಅಯ್ಯನವರು ಕೊಡೆಯನ್ನು ಊರಿಕೊಂಡು ಏದುಸಿರು ಬಿಡುತ್ತಾ ಹತ್ತಿ ಬಂದರು. ಅವರ ಹಿಂದೆಯೇ ರಸ್ತೆಯಲ್ಲಿ ಬೈಕು ನಿಂತ ಸದ್ದು. ತಗಡಿನ ಶೆಡ್ಡಿನಲ್ಲಿ ನಡೆಯುವ ಚರ್ಚಿನ ಪಾಸ್ಟರ್ ಧರ್ಮೇಶ್ ಹೆಲ್ಮೆಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿಯೇ ಬಂದರು.

“ಫಾದರೇ, ಇವಳ ಗಂಡ ಹುಟ್ಟಾ ನಮ್ಮ ಸಭೆಯವನು. ಇವಳ ಕಾಲು ನಮಗೆ ಬರಬೇಕು,” ಅಂದರು ಅಯ್ಯನವರು.

“ಮದುವೆ ಆಗಿದ್ದು ನಮ್ಮಲ್ಲಿ,” ಅಂದರು ಫಾದರ್.

“ಗಂಡ ಹೆಂಡ್ತಿ ಇಬ್ಬರನ್ನೂ ಭದ್ರಾ ಹೊಳೇಲಿ ಮುಳುಗಿಸಿದ್ದು ನಾನು,” ಅಂದರು ಪಾಸ್ಟರ್. “ನೀನೇ ಹೇಳು ಸಿಸ್ಟರ್, ನೀನು ಯಾರವಳು?”

ಮೂವರು ನಿಂತಿದ್ದ ಜಾಗದಿಂದ ಹತ್ತು ಹೆಜ್ಜೆ ಆಚೆ, ಸಿಲ್ವರ್ ಓಕ್ ಮರದ ಬುಡದಲ್ಲಿ ಅವಳ ಗಂಡ ಮಾರಯ್ಯನನ್ನು ಹೂತಿತ್ತು. ಮೇಲೆ ನಾಲ್ಕು ಕಲ್ಲಿಟ್ಟಿದ್ದಳು. ಯಾರೂ ಆ ಕಡೆ ನೋಡಲಿಲ್ಲ.

ಮಾರಯ್ಯ ಮರಗಸಿಯವನು. ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಕಳೆದ ಜೂನಿನಲ್ಲಿ, ಮಳೆ ಹಿಡಿದ ಎರಡನೇ ದಿನ, ಇದೇ ಬ್ಲಾಕಿನಲ್ಲಿ ಮರದಿಂದ ಜಾರಿ ಬಿದ್ದ. ಕೆಳಗೆ ಗೂಟವಿತ್ತು. ಆಸ್ಪತ್ರೆಗೆ ಹೊರಡಲು ಜೀಪು ಬರುವ ಹೊತ್ತಿಗೆ ಮುಗಿದಿತ್ತು.

ಹೆಣ ಇಟ್ಟುಕೊಂಡು ಶಿವಗಂಗಮ್ಮ ಎರಡು ದಿನ ಓಡಾಡಿದಳು. ಮಾರಯ್ಯನಿಗೆ ಹುಟ್ಟಿದ ಮೂರನೇ ತಿಂಗಳಲ್ಲಿ ಕೆಳಗಿನ ಚರ್ಚಿನಲ್ಲಿ ನೀರು ಚಿಮುಕಿಸಿದ್ದರು. ಮೇಲಿನ ಚರ್ಚಿನ ಹುಡುಗಿ ಶಿವಗಂಗಮ್ಮನನ್ನು ಕಟ್ಟಿಕೊಂಡಾಗ ಅಲ್ಲಿ ಹಣೆಗೆ ಎಣ್ಣೆ ಹಚ್ಚಿ ಮತ್ತಾಯ ಅಂತ ಹೆಸರಿಟ್ಟರು. ಕುಡಿತ ಬಿಡಲು ಶೆಡ್ಡಿಗೆ ಹೋದಾಗ ಹೊಳೆಯಲ್ಲಿ ಮುಳುಗಿಸಿ ಎತ್ತಿದರು. ಅವನಿಗೆ ಮೂರರಲ್ಲೂ ಬೇಸರವಿರಲಿಲ್ಲ. ಯೇಸು ಒಬ್ಬನೇ ಅಲ್ವಾ, ಮನೆ ಮೂರು ಮಾಡ್ಕೊಂಡಿದ್ದಾನೆ, ನಮ್ಮ ದಣಿಗೆ ಮಂಗಳೂರಲ್ಲೂ ಮನೆ ಇಲ್ವಾ, ಹಾಗೆ ಅನ್ನುತ್ತಿದ್ದ.

ಸತ್ತ ಮೇಲೆ ಮೂರು ಮನೆಯ ಬಾಗಿಲೂ ಮುಚ್ಚಿದವು. ಅವನು ಶೆಡ್ಡಿಗೆ ಹೋಗಲು ಶುರುಮಾಡಿದ ಮೇಲೆ ಪಾಪನಿವೇದನೆಗೆ ಬಂದಿಲ್ಲ, ನಮ್ಮ ಮಣ್ಣಿನಲ್ಲಿ ಆಗುವುದಿಲ್ಲ ಎಂದರು ಫಾದರ್. ಅಲ್ಲದೆ ಲೈನುಮನೆಗಳ ಕೂಲಿಯವರಿಗೆಂದು ಇಟ್ಟ ಹಿಂದಿನ ಸಾಲು ತುಂಬಿದೆ ಎಂದರು. ಮುಂದಿನ ಸಾಲುಗಳಲ್ಲಿ ಹಸು ಮೇಯುವಷ್ಟು ಜಾಗವಿತ್ತು. ಅದು ತೋಟದ ದಣಿಗಳ ಕುಟುಂಬಗಳದ್ದು. ಮದುವೆಯ ವರ್ಷವೇ ಅವನಿಗೆ ವರ್ಗಾವಣೆ ಪತ್ರ ಕೊಟ್ಟಾಗಿದೆ, ಬಿಟ್ಟುಕೊಟ್ಟ ಹೆಸರನ್ನು ಮತ್ತೆ ಬರೆಯಲು ಬರುವುದಿಲ್ಲ ಎಂದರು ಅಯ್ಯನವರು. ಶೆಡ್ಡಿನವರಿಗೆ ಸ್ಮಶಾನವೇ ಇರಲಿಲ್ಲ. ದೇಹ ಬರೀ ಮಣ್ಣು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ ಎಂದರು ಪಾಸ್ಟರ್. ಪಂಚಾಯ್ತಿಯ ಸ್ಮಶಾನಕ್ಕೆ ಹೋದರೆ ಲೈನಿನ ಹಿಂದೂಗಳೇ ಅಡ್ಡ ನಿಂತರು. ನೀವು ನಮ್ಮನ್ನು ಬಿಟ್ಟು ಹೋದವರು ಎಂದರು.

ಮೂರು ಕಡೆಯೂ ಅವಳು ಕಾಲು ಹಿಡಿದಿದ್ದಳು. ಮಾತಿಗೆ ಹೇಳುವ ಕಾಲು ಹಿಡಿಯುವುದಲ್ಲ. ನಿಜವಾಗಿ ನೆಲಕ್ಕೆ ಬಿದ್ದು ಹಿಡಿದಿದ್ದಳು. ಫಾದರ್ ಶೂ ಹಾಕಿದ್ದರು. ಅಯ್ಯನವರು ಹಿಂದಕ್ಕೆ ಸರಿದಿದ್ದರು. ಪಾಸ್ಟರ್ ಅವಳ ತಲೆ ಮುಟ್ಟಿ ಹಲ್ಲೆಲೂಯ ಎಂದಿದ್ದರು.

ಕೊನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುಬ್ಬಣ್ಣ ಕಿವಿಯಲ್ಲಿ ಹೇಳಿದ. “ದಣಿಗಳು ಮಂಗಳೂರಿಗೆ ಹೋಗಿದ್ದಾರೆ. ಅವನು ಬಿದ್ದಲ್ಲೇ ಹೂಳಿ ಬಿಡಿ. ನಾನು ಏನೂ ನೋಡಿಲ್ಲ.”

ದಣಿ ಎಂದರೆ ಬೊನವೆಂಚರ್ ಲಸ್ರಾದೊ. ಕಳಸದಿಂದ ಮೂಡಿಗೆರೆಗೆ ಹೋಗುವ ದಾರಿಯಲ್ಲಿ ಕೆಂಚನಮಕ್ಕಿ ಎನ್ನುವ ಊರಿನ ಮುಕ್ಕಾಲು ಪಾಲು ಅವರದ್ದು. ಹದಿನಾಲ್ಕನೇ ಬ್ಲಾಕಿನಲ್ಲಿ ನೀರಿಗೆ ಕೆರೆ ತೋಡಿಸಬೇಕೆಂದು ಅವರು ಈಗ ತೀರ್ಮಾನ ಮಾಡಿದ್ದರು. ಫೆಬ್ರವರಿ ಒಂದಕ್ಕೆ ಜೆಸಿಬಿ ಬರುವುದಿತ್ತು. ಅಲ್ಲಿ ಹೆಣ ಹೂತ ವಿಷಯ ಗೊತ್ತಾದಾಗ ಶಿವಗಂಗಮ್ಮನನ್ನು ಕರೆಸಿ, “ಅಲ್ಲಿರೋದನ್ನ ಅಷ್ಟರೊಳಗೆ ತೆಗೆಸು,” ಎಂದಿದ್ದರು. ಎಲ್ಲಿಗೆ ಅಂತ ಅವರೂ ಹೇಳಲಿಲ್ಲ.

ಹಾಗಾಗಿ ಆ ಬೆಳಿಗ್ಗೆ ಗಿಡಗಳ ನಡುವೆ ಮೂವರೂ ಸಿಕ್ಕಾಗ ಶಿವಗಂಗಮ್ಮ ಕೈ ನಿಲ್ಲಿಸಿ ಒಂದೇ ಮಾತು ಹೇಳಿದಳು.

“ಕಾಲು ಕೊಡ್ತೇನೆ. ಮಾರಯ್ಯನಿಗೆ ಜಾಗ ಕೊಡಿ.”

“ಕಾರ್ಯಕ್ರಮ ಮುಗೀಲಿ, ನೋಡೋಣ,” ಎಂದರು ಫಾದರ್. ಅಯ್ಯನವರೂ ನೋಡೋಣ ಎಂದರು. ಪಾಸ್ಟರ್ ಪ್ರಾರ್ಥನೆ ಮಾಡೋಣ ಎಂದರು.

ಕಾರ್ಯಕ್ರಮದ ಕತೆ ಹೀಗೆ. ಊರಿನಲ್ಲಿ ಕ್ರೈಸ್ತ ಐಕ್ಯತಾ ಸಮಿತಿ ಹುಟ್ಟಿ ಮೂರು ವರ್ಷವಾಗಿತ್ತು. ಲಸ್ರಾದೊ ಅಧ್ಯಕ್ಷರು. ಜನವರಿಯ ಐಕ್ಯತಾ ವಾರದಲ್ಲಿ ಮೂರು ಸಭೆಯವರೂ ಸೇರಿ ಒಂದು ಆರಾಧನೆ ನಡೆಸಬೇಕು ಎನ್ನುವುದು ಆಸೆ. ಮೊದಲ ವರ್ಷ ಪ್ರಭುವಿನ ಭೋಜನವನ್ನು ಒಟ್ಟಿಗೆ ಮಾಡೋಣ ಎಂದು ಹೊರಟರು. ರೊಟ್ಟಿ ಹುಳಿ ಬಂದದ್ದಿರಬೇಕೋ ಬಾರದ್ದೋ, ಬಟ್ಟಲಲ್ಲಿ ವೈನೋ ದ್ರಾಕ್ಷಿ ರಸವೋ, ಅದು ಕ್ರಿಸ್ತನ ದೇಹವೇ ಹೌದೋ ಅಥವಾ ನೆನಪಿಗಷ್ಟೋ ಎಂದು ಏಳು ಸಭೆ ನಡೆದು ಮುರಿದುಬಿತ್ತು. ಎರಡನೇ ವರ್ಷ ಬರೀ ಪ್ರಾರ್ಥನೆ ಸಾಕು ಎಂದರು. ಒಬ್ಬರು ಸ್ವರ್ಗ ಎನ್ನಬೇಕೆಂದರು, ಒಬ್ಬರು ಪರಲೋಕ ಎನ್ನಬೇಕೆಂದರು. ದೇವರನ್ನು ನೀವು ಎಂದು ಕರೆಯಬೇಕೋ ನೀನು ಎಂದೋ ಎಂಬಲ್ಲಿ ಸೋನ್ಸ್ ಅಯ್ಯನವರು ಎದ್ದು ಹೊರಟೇ ಹೋದರು.

ಆ ಸಭೆಗೆ ಕಾಫಿ ಕೊಡಲು ಹೋಗಿದ್ದ ಶಿವಗಂಗಮ್ಮ ಲೈನಿಗೆ ಬಂದು ಪಕ್ಕದ ಮನೆಯ ಜವರಮ್ಮನ ಹತ್ತಿರ ಹೇಳಿದ್ದಳು. “ದೇವರಿಗೆ ನೀನು ಅನ್ಬೇಕಾ ನೀವು ಅನ್ಬೇಕಾ ಅಂತ ಜಗಳ ಮಾರಾಯ್ತಿ. ನಮಗೆ ನೀನು ಅನ್ನೋದ್ರಲ್ಲಿ ಮಾತ್ರ ಮೂವರೂ ಒಂದೇ.”

ಮೂರನೇ ವರ್ಷ ಕಾಲು ಸಿಕ್ಕಿತು. ಕ್ರಿಸ್ತ ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದನಲ್ಲ. ಅದರ ಬಗ್ಗೆ ಮೂರು ಸಭೆಯಲ್ಲೂ ತಕರಾರಿಲ್ಲ. ಹನ್ನೆರಡು ಬಡವರನ್ನು ಕೂರಿಸಿ ಮೂವರೂ ಸೇರಿ ಕಾಲು ತೊಳೆಯುವುದು ಎಂದಾಯಿತು. ಸಭೆಗೆ ನಾಲ್ವರಂತೆ ಬಡವರು. ಎಲ್ಲರೂ ಲೈನಿನವರೇ. ಯೂಟ್ಯೂಬಿನಲ್ಲಿ ನೇರ ಪ್ರಸಾರ ಬೇರೆ.

ತೊಂದರೆ ಬಂದದ್ದು ಕಾಲಿನಲ್ಲಿ. ಹುಣ್ಣು ಇರಬಾರದು. ಬಾವು ಇರಬಾರದು. ಹತ್ತು ಬೆರಳೂ ಇರಬೇಕು. ಲೈನಿನಲ್ಲಿ ಹತ್ತು ಬೆರಳಿನ ಕಾಲು ಹುಡುಕುವುದು ಸುಲಭವಿರಲಿಲ್ಲ. ಕತ್ತಿ ತಾಗಿ, ಕಲ್ಲು ಉರುಳಿ, ಮೂಟೆ ಬಿದ್ದು ಒಬ್ಬೊಬ್ಬರದ್ದು ಒಂದೊಂದು ಹೋಗಿತ್ತು. ಜವರಮ್ಮನ ಎಡಗಾಲಿನ ಕಿರುಬೆರಳು ಇರಲಿಲ್ಲ. ಅವಳನ್ನು ಆ ಕಾಲು ಕ್ಯಾಮೆರಾಗೆ ಕಾಣದ ಕಡೆ ಕೂರಿಸುವುದೆಂದು ಠರಾವು ಮಾಡಿದರು. ಹೀಗೆ ಸೋಸಿ ಸೋಸಿ ಹನ್ನೊಂದಾಯಿತು. ಹನ್ನೆರಡನೆಯದು ಶಿವಗಂಗಮ್ಮನ ಕಾಲು. ಬಿರುಕಿದ್ದರೂ ಬೆರಳು ಹತ್ತೂ ಇದ್ದವು. ಮೂರು ಸಭೆಗೂ ಒಬ್ಬೊಬ್ಬರು ಕಡಿಮೆ ಬೀಳುತ್ತಿದ್ದರಂತೆ. ಹನ್ನೊಂದರಲ್ಲಿ ಒಬ್ಬರು ಕಡಿಮೆ ಬಿದ್ದರೆ ಒಂದೇ ಸಭೆಗೆ ಬೀಳಬೇಕಲ್ಲವೇ ಎಂದು ಸುಬ್ಬಣ್ಣ ಕೇಳಿದನಂತೆ. ಇಬ್ಬರ ಮೇಲೆ ಎರಡೆರಡು ಸಭೆಯವರು ಹಕ್ಕು ಹೇಳಿದ್ದರಿಂದ ಅವರನ್ನು ಯಾರ ಲೆಕ್ಕಕ್ಕೂ ಹಿಡಿದಿರಲಿಲ್ಲ.

ಸಮಿತಿ ಮತ್ತೊಮ್ಮೆ ಕೂತಿತು. ಶಿವಗಂಗಮ್ಮನ ಬಲಗಾಲು ಮೇಲಿನ ಚರ್ಚಿಗೆ, ಎಡಗಾಲು ಕೆಳಗಿನ ಚರ್ಚಿಗೆ, ಎರಡನ್ನೂ ಒರೆಸುವುದು ಪಾಸ್ಟರಿಗೆ. ಕೊನೆಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಮೂವರೂ ಒಟ್ಟಿಗೆ ಮೊಣಕಾಲೂರುವುದು. ಅದೇ ಐಕ್ಯತೆಯ ಸಂಕೇತ ಎಂದು ಲಸ್ರಾದೊ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ಶನಿವಾರ ಸಂಜೆ ಕೊಯ್ಲು ತೂಗಿದ ಮೇಲೆ ಹನ್ನೆರಡು ಜನವನ್ನೂ ಕಾಫಿ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ನಲ್ಲಿಯ ಹತ್ತಿರ ನಿಲ್ಲಿಸಿದರು. ಸುಬ್ಬಣ್ಣ ಪಟ್ಟಿ ಹಿಡಿದಿದ್ದ. ಇಟ್ಟಿಗೆ ಚೂರು, ಸೋಪು, ನಿಂಬೆಹಣ್ಣಿನ ಹೋಳು ಕೊಟ್ಟರು. ದಿನವಿಡೀ ನಿಂತು ಕೊಯ್ದ ಕಾಲು. ಬಗ್ಗಿ ಉಜ್ಜಲು ಸೊಂಟ ಬಗ್ಗುತ್ತಿರಲಿಲ್ಲ. ಕಾಫಿ ಕಲೆ ಚರ್ಮದೊಳಗೇ ಕೂತಿತ್ತು. ಜಿಗಣೆ ಕಚ್ಚಿದ ಗುರುತುಗಳಿಗೆ ನಿಂಬೆರಸ ತಾಗಿ ಉರಿ ಹತ್ತಿತು.

“ನಾಳೆ ಅವರು ತೊಳೀತಾರಲ್ಲ ಸುಬ್ಬಣ್ಣ, ನಾವ್ಯಾಕೆ ಇವತ್ತು ತೊಳೀಬೇಕು?” ಎಂದು ಕೇಳಿದಳು ಶಿವಗಂಗಮ್ಮ.

“ಕೊಳೆ ಇದ್ರೆ ಅವರು ಹೇಗೆ ಮುಟ್ತಾರೆ? ತೊಳೆದ ಕಾಲನ್ನೇ ತೊಳೆಯೋದು.”

“ಹಾಗಾದ್ರೆ ಅವರು ತೊಳೆಯೋದು ಎಂತ?”

ಸುಬ್ಬಣ್ಣ ಪಟ್ಟಿ ನೋಡಿದ.  “ಹಿಮ್ಮಡಿ ಇನ್ನೊಂದ್ಸಲ ಉಜ್ಜು,” ಎಂದ.

ಅವಳು ಉಜ್ಜಿದಳು. ಬಿರುಕು ಬಿಟ್ಟಲ್ಲಿ ರಕ್ತ ಬಂತು. ರಕ್ತ ಕಂಡರೆ ಪಟ್ಟಿಯಿಂದ ತೆಗೆಯುತ್ತಾರೆಂದು ಸುಬ್ಬಣ್ಣ ಅದಕ್ಕೆ ವ್ಯಾಸಲಿನ್ ಹಚ್ಚಲು ಹೇಳಿದ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಲಸ್ರಾದೊ ಎಸ್ಟೇಟಿನ ಕಣದಲ್ಲಿ ಶಾಮಿಯಾನ ಎದ್ದಿತ್ತು. ಒಣಗಲು ಹಾಕಿದ್ದ ಕಾಫಿಯನ್ನು ಬೆಳಗಿನ ಜಾವ ಇದೇ ಹನ್ನೆರಡು ಜನ ಎಳೆದು ಒಂದು ಬದಿಗೆ ರಾಶಿ ಹಾಕಿದ್ದರು. ಮೂರು ಚರ್ಚಿನ ಬೆಂಚುಗಳನ್ನು ಹೊತ್ತು ತಂದವರೂ ಅವರೇ. ನಂತರ ಸೀರೆ ಬದಲಿಸಿ, ಲುಂಗಿ ಬದಲಿಸಿ, ಮುಂದೆ ಹನ್ನೆರಡು ಕೆಂಪು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಅವರಲ್ಲಿ ಹೆಚ್ಚಿನವರು ಆ ಕಣದಲ್ಲಿ ಕುರ್ಚಿಯ ಮೇಲೆ ಕೂತಿದ್ದು ಅದೇ ಮೊದಲು. ಎಲ್ಲರ ಮುಂದೆಯೂ ಒಂದೊಂದು ಬೇಸನ್. ಬಿಸಿನೀರಿನಲ್ಲಿ ಗುಲಾಬಿ ಎಸಳು ತೇಲುತ್ತಿತ್ತು. ಶಾಮಿಯಾನದ ಹಿಂದೆ ಬಿರಿಯಾನಿ ದಮ್ಮಿಗೆ ಕೂತಿತ್ತು.

ತೊಳೆಯುವುದು ಶುರುವಾಯಿತು. ಮಾರಯ್ಯನ ಜೊತೆ ಮರಗಸಿ ಮಾಡುತ್ತಿದ್ದ ಉಮೇಶನ ಪಾದ ಮುಟ್ಟಿದಾಗ ಅವನಿಗೆ ಕಚಗುಳಿಯಾಗಿ ನಗು ತಡೆಯಲಾಗಲಿಲ್ಲ. ಅವನ ಕಾಲನ್ನು ಬೇರೆಯವರು ಮುಟ್ಟಿದ್ದೇ ಇಲ್ಲ. ಜವರಮ್ಮನ ಬಲಗಾಲು ಮಾತ್ರ ತೊಳೆದರು. ಹನ್ನೊಂದು ಮುಗಿಯಿತು. ಕ್ಯಾಮೆರಾದವನು ಹತ್ತಿರ ಬಂದು ಮಂಡಿಯೂರಿದ. ಮೂವರು ದೇವರ ಸೇವಕರೂ ಶಿವಗಂಗಮ್ಮನ ಮುಂದೆ ಒಟ್ಟಿಗೆ ಮೊಣಕಾಲೂರಿದರು. ಫಾದರ್ ಬಲಗಾಲು ಹಿಡಿದರು. ಅಯ್ಯನವರು ಎಡಗಾಲು ಹಿಡಿದರು. ಪಾಸ್ಟರ್ ಟವೆಲ್ ಬಿಡಿಸಿ ಕಾದರು.

ಶಿವಗಂಗಮ್ಮನಿಗೆ ಮೇಲಿನಿಂದ ಮೂರು ತಲೆ ಕಂಡವು. ಒಂದು ಬೋಳು, ಒಂದು ನರೆ, ಒಂದು ಎಣ್ಣೆ ಹಚ್ಚಿ ಬಾಚಿದ್ದು. ಇಷ್ಟು ವರ್ಷ ಅವಳು ಅವರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಇವತ್ತು ನೆತ್ತಿ ಕಾಣುತ್ತಿತ್ತು.

“ಫಾದರ್,” ಎಂದಳು. “ಜೂನಲ್ಲಿ ನಾನು ನಿಮ್ಮ ಕಾಲು ಹಿಡ್ಕೊಂಡು ಕೇಳಿದ್ದೆ.”

ಫಾದರ್ ಕೊರಳಪಟ್ಟಿಯಲ್ಲಿ ಮೈಕು ಸಿಕ್ಕಿಸಿಕೊಂಡಿದ್ದರು. ಅವಳ ಮಾತು ನಾಲ್ಕು ಮೂಲೆಯ ಲೌಡ್ ಸ್ಪೀಕರಿನಿಂದ ಹೊರಬಿತ್ತು. ಫಾದರ್ ಗಾಬರಿಯಾಗಿ ದನಿ ತಗ್ಗಿಸಿದರು. ತಗ್ಗಿಸಿದ ದನಿಯೂ ಅಲ್ಲಿಂದಲೇ ಕೇಳಿಸಿತು.

“ಈಗ ಬೇಡ ಶಿವಗಂಗಮ್ಮ. ಕಾಲು ಎತ್ತು.”

“ಎತ್ತಲ್ಲ. ಈಗ ನೀವು ಹಿಡಿದಿದ್ದೀರಿ. ಹಿಡ್ಕೊಂಡೇ ಹೇಳಿ. ಮಾರಯ್ಯ ಯಾವ ಸಭೆಯವನು?”

 ಫಾದರ್ ಅಯ್ಯನವರ ಕಡೆ ನೋಡಿದರು. “ವರ್ಗಾವಣೆ ಪತ್ರ ಕೊಟ್ಟಿದ್ದೇವೆ,” ಎಂದರು ಅಯ್ಯನವರು ಬೇಸನ್ ನೋಡುತ್ತಾ. ಪಾಸ್ಟರ್ ಟವೆಲನ್ನು ಎದೆಗೆ ಒತ್ತಿಕೊಂಡರು. “ದೇಹ ಬರೀ ಮಣ್ಣು ಸಿಸ್ಟರ್.”

“ಹೌದು, ಮಣ್ಣೇ. ಮಣ್ಣಿಗೆ ಮಣ್ಣಲ್ಲಿ ಜಾಗ ಕೇಳ್ತಿದ್ದೇನೆ. ಗಂಡ ಯಾರಿಗೂ ಬೇಡ. ನನ್ನ ಕಾಲು ಮೂವರಿಗೂ ಬೇಕು. ಇದು ಯಾವ ನ್ಯಾಯ ಹೇಳಿ.”

ಅವಳು ಎರಡು ಕಾಲನ್ನೂ ಬೇಸನ್ನಿನ ತಳಕ್ಕೆ ಊರಿದಳು. ಮೂಟೆ ಹೊತ್ತು ಗುಡ್ಡ ಹತ್ತಿದ ಕಾಲು. ಇಬ್ಬರು ಸೇರಿ ಎತ್ತಿದರೂ ಏಳಲಿಲ್ಲ. ಜೋರಾಗಿ ಎಳೆಯಲು ಕ್ಯಾಮೆರಾ ಮುಂದಿತ್ತು. ಕಾಲು ಒರೆಸದೆ ಎದ್ದರೆ ಕಾರ್ಯಕ್ರಮ ಅರ್ಧಕ್ಕೆ ನಿಂತಂತೆ. ಮೂವರೂ ಮೊಣಕಾಲಿನಲ್ಲೇ ಉಳಿದರು.

ಹಾಡು ಹಾಡಿ ಎಂದು ಲಸ್ರಾದೊ ಕೈಸನ್ನೆ ಮಾಡಿದರು. ಹಾಡಿನವರು ಒಂದು ಹಾಡು ಹಾಡಿದರು. ಮುಗಿದಾಗಲೂ ಮೂವರೂ ಅಲ್ಲೇ ಇದ್ದರು. ಅದನ್ನೇ ಮತ್ತೆ ಹಾಡಿದರು. ಮೂರನೇ ಸಲಕ್ಕೆ ಜವರಮ್ಮ ಒರೆಸಿದ್ದ ಬಲಗಾಲನ್ನು ಮತ್ತೆ ತನ್ನ ಬೇಸನ್ನಿಗೆ ಇಳಿಸಿದಳು. ಎಡಗಾಲನ್ನೂ ಇಳಿಸಿದಳು. ನಾಲ್ಕು ಬೆರಳಿನ ಕಾಲು ನೀರಿನಲ್ಲಿ ಎಲ್ಲರಿಗೂ ಕಂಡಿತು. ಉಮೇಶ್ ತನ್ನದನ್ನು ಇಳಿಸಿದ. ಒಬ್ಬೊಬ್ಬರಾಗಿ ಹನ್ನೆರಡು ಜನವೂ ನೀರಿನಲ್ಲಿ ಕಾಲಿಟ್ಟು ಸುಮ್ಮನೆ ಕೂತರು. ನೀರು ತಣ್ಣಗಾಗುತ್ತಾ ಬಂತು.

ಪಾಸ್ಟರ್ ಧರ್ಮೇಶ್ ಎರಡೂ ಕೈ ಎತ್ತಿ, ಈ ಹೆಂಗಸಿನೊಳಗೆ ಹೊಕ್ಕ ದುರಾತ್ಮ ತೊಲಗಲಿ ಎಂದು ಅಬ್ಬರಿಸಿದರು. ಟವೆಲ್ ಬೇಸನ್ನಿಗೆ ಬಿದ್ದು ಒದ್ದೆಯಾಯಿತು. ಸೋನ್ಸ್ ಅಯ್ಯನವರ ಮಂಡಿ ಹಿಡಿದುಕೊಂಡಿತು. ಏಳಬೇಕೆಂದರೂ ಏಳಲಾಗದೆ ಅವರು ಶಿವಗಂಗಮ್ಮನ ಕಾಲನ್ನೇ ಆಸರೆಗೆ ಗಟ್ಟಿಯಾಗಿ ಹಿಡಿದುಕೊಂಡರು.

ಕೊನೆಗೆ ಲಸ್ರಾದೊ ಬಂದರು. “ಏನು ಇದೆಲ್ಲ? ಆಮೇಲೆ ಮಾತಾಡೋಣ ಅಂದಿದ್ದೆವಲ್ಲ.”

“ಒಂದಕ್ಕೆ ನಿಮ್ಮ ಜೆಸಿಬಿ ಬರ್ತದೆ ದಣಿಗಳೆ. ಆಮೇಲೆ ಅಂದ್ರೆ ಯಾವಾಗ?”

ಸಮಿತಿಯವರು ಶಾಮಿಯಾನದ ಹಿಂದೆ, ಬಿರಿಯಾನಿ ಹಂಡೆಯ ಪಕ್ಕ ನಿಂತೇ ಸಭೆ ಮಾಡಿದರು. ಮಂಡಿ ಹಿಡಿದ ಅಯ್ಯನವರು ಮೊಣಕಾಲೂರಿದಲ್ಲಿಂದಲೇ ಒಪ್ಪಿಗೆಗೆ ಕೈಯೆತ್ತಿದರು. ಹತ್ತು ನಿಮಿಷದಲ್ಲಿ ಲಸ್ರಾದೊ ಚೀಟಿ ಹಿಡಿದು ಬಂದರು. ಮೂರು ವರ್ಷದಲ್ಲಿ ಸಮಿತಿ ಒಮ್ಮತದಿಂದ ಮಾಡಿದ ಮೊದಲನೇ ತೀರ್ಮಾನ ಎಂದು ಮೈಕಿನಲ್ಲಿ ಹೇಳಿದರು. ಪಲ್ಪರ್ ಹೊಂಡದ ಕೆಳಗಿರುವ ಜೌಗಿನ ಜಾಗವನ್ನು ನಾವು ದಾನ ಕೊಡುತ್ತಿದ್ದೇವೆ. ಅಲ್ಲಿ ಮೂರು ಸಭೆಗೂ ಸೇರಿದ ಒಂದೇ ಸ್ಮಶಾನ ಆಗುತ್ತದೆ. ಹೆಸರು ಐಕ್ಯತಾ ಸ್ಮಶಾನ. ಮೂರು ಗೇಟು ಇರುತ್ತವೆ. ಲೈನಿನ ಎಲ್ಲ ಕ್ರೈಸ್ತರನ್ನೂ ಇನ್ನು ಮುಂದೆ ಭೇದವಿಲ್ಲದೆ ಅಲ್ಲೇ ಹೂಳಲಾಗುವುದು. ಮಾರಯ್ಯ ಮೊದಲನೆಯವನು.

ಬೆಂಚುಗಳಿಂದ ದೊಡ್ಡ ಚಪ್ಪಾಳೆ ಬಂತು. ಮೂರು ಚರ್ಚಿನವರೂ ತಟ್ಟಿದರು.

ಉಮೇಶ್ ಎದ್ದು ನಿಂತ. “ದಣಿಗಳೆ, ನನ್ನಪ್ಪ ಕೆಳಗಿನ ಚರ್ಚಿನ ಸಿಮೆಟ್ರಿಯಲ್ಲಿದ್ದಾನೆ. ನಾನು ಸತ್ರೆ ಅವನ ಪಕ್ಕಕ್ಕೆ ಹೋಗೋ ಹಾಗಿಲ್ವಾ?”

“ಇನ್ನು ಬೇಡ. ನಿನಗೂ ಐಕ್ಯತಾ ಸ್ಮಶಾನವೇ.”

“ನೀವು?”

“ನಮ್ಮ ಕುಟುಂಬದ್ದು ಮೇಲೆ ಇದೆಯಲ್ಲ ಮಾರಾಯ,” ಎಂದರು ಲಸ್ರಾದೊ. ಇಷ್ಟು ಸರಳ ವಿಷಯ ತಿಳಿಯುವುದಿಲ್ಲವಲ್ಲ ಎಂಬ ಹಾಗೆ ನಕ್ಕರು.

ಪಲ್ಪರ್ ಹೊಂಡದ ಕೆಳಗಿನ ಜಾಗ ಶಿವಗಂಗಮ್ಮನಿಗೆ ಗೊತ್ತು. ಕಾಫಿ ಸಿಪ್ಪೆ ಕೊಳೆತ ನೀರು ಬಂದು ನಿಲ್ಲುವುದು ಅಲ್ಲೇ. ದನ ಮೂಸುವುದಿಲ್ಲ. ಅಗೆದರೆ ಎರಡು ಅಡಿಗೆ ಕಪ್ಪು ನೀರು. ಅವಳು ಒಬ್ಬನಿಗೆ ಜಾಗ ಕೇಳಿದ್ದಳು. ಇವರು ಲೈನಿಗೆ ಲೈನನ್ನೇ ಎರಡು ಚರ್ಚಿನ ಸ್ಮಶಾನದಿಂದಲೂ ಹೊರಗೆ ಹಾಕಿದ್ದರು. ಹಿಂದಿನ ಸಾಲೂ ಹೋಯಿತು.   

ಅವಳು ಕಾಲೆತ್ತಿದಳು. ಪಾಸ್ಟರ್ ಒದ್ದೆ ಟವೆಲನ್ನೇ ಹಿಂಡಿ ಮುಂದೆ ಚಾಚಿದರು.

“ಬೇಡ,” ಎಂದಳು. “ನಿಮ್ಮ ಐಕ್ಯತೆ ನೀವೇ ಇಟ್ಕೊಳ್ಳಿ.”

ಒದ್ದೆ ಕಾಲಿನಲ್ಲಿ ಕಣದಿಂದ ಇಳಿದಳು. ಹಿಂದೆ ಹನ್ನೊಂದು ಕುರ್ಚಿ ಖಾಲಿಯಾದವು. ಐಕ್ಯತೆ ಆಯಿತಲ್ಲ ಎಂದು ಬೆಂಚಿನವರು ಬಿರಿಯಾನಿಗೆ ಎದ್ದರು. ಬಡಿಸುವವರು ಯಾರೂ ಇರಲಿಲ್ಲ. ಬಡಿಸಬೇಕಾದವರೂ ಆ ಹನ್ನೆರಡು ಜನವೇ.

ಹದಿನಾಲ್ಕನೇ ಬ್ಲಾಕಿನಲ್ಲಿ ಉಮೇಶ್ ಮೊದಲ ಗುದ್ದಲಿ ಹಾಕಿದ. ಸುಬ್ಬಣ್ಣ ಓಡಿಬಂದ. “ಕೇಸಾಗ್ತದೆ ಶಿವಗಂಗಮ್ಮ. ಜೈಲಿಗೆ ಹಾಕ್ತಾರೆ.”

“ಒಂದಕ್ಕೆ ಜೆಸಿಬಿ ಬಕೆಟಲ್ಲಿ ಬರೋದಕ್ಕಿಂತ ಇವತ್ತು ನಮ್ಮ ಕೈಯಲ್ಲಿ ಬರ್ಲಿ.”

 ಸುಬ್ಬಣ್ಣ ಪಕ್ಕದ ಮರದ ಕಡೆ ಮುಖ ಮಾಡಿ, “ನಾನು ಏನೂ ನೋಡಿಲ್ಲ,” ಎಂದು ಅಲ್ಲೇ ಕಾವಲು ನಿಂತುಕೊಂಡ.

ಏಳು ತಿಂಗಳ ಮಣ್ಣು. ಮೂಗಿಗೆ ಸೆರಗು ಕಟ್ಟಿಕೊಂಡು ತೆಗೆದರು. ಸುತ್ತಿದ್ದ ಕಂಬಳಿ ಕೈಗೆ ಬರುತ್ತಿರಲಿಲ್ಲ. ಸೊಂಟದ ಉಡಿದಾರದಿಂದ ಶಿವಗಂಗಮ್ಮ ಗುರುತು ಹಿಡಿದಳು. ಕಾಫಿ ಹರಡುವ ಟಾರ್ಪಾಲಿನಲ್ಲಿ ಸುತ್ತಿದರು. ಎಂಥ ದೊಡ್ಡ ಆಳಾಗಿದ್ದ. ಈಗ ಒಂದು ಮೂಟೆಯಷ್ಟೂ ಇರಲಿಲ್ಲ. ಆದರೂ ಹನ್ನೆರಡು ಜನವೂ ಕೈ ಹಾಕಿಯೇ ಹೊತ್ತರು. ಹಾಡಹಗಲಲ್ಲಿ, ಡಾಂಬರು ರಸ್ತೆಯಲ್ಲಿ, ಹೊರನಾಡಿಗೆ ಹೋಗುವ ಪ್ರವಾಸಿಗಳ ಕಾರು ಬದಿಗೆ ನಿಂತು ದಾರಿ ಬಿಡುವಾಗ, ಮೇಲಿನ ಚರ್ಚಿಗೆ ಹತ್ತಿದರು.

ಸ್ಮಶಾನದ ಮುಂದಿನ ಸಾಲಿನಲ್ಲಿ, ಗೇಟಿಗೆ ಎದುರಾಗಿ ಕರಿ ಗ್ರಾನೈಟಿನ ದೊಡ್ಡ ಗೋರಿಯೊಂದಿತ್ತು. ಲಸ್ರಾದೊ ಅದನ್ನು ತಮಗಾಗಿ ಎರಡು ವರ್ಷದ ಹಿಂದೆಯೇ ಕಟ್ಟಿಸಿಟ್ಟಿದ್ದರು. ಬೊನವೆಂಚರ್ ಲಸ್ರಾದೊ ಎಂದು ಹೆಸರು ಕೆತ್ತಿ, ಜನನದ ವರ್ಷ ಬರೆದು, ಮುಂದೆ ಒಂದು ಗೆರೆ ಎಳೆದು ಬಿಟ್ಟಿದ್ದರು. ಅದರ ಗುಂಡಿಯನ್ನು ತೋಡಿದವನು ಮಾರಯ್ಯ. ಕೆಳಗೆ ಬಂಡೆ ಸಿಕ್ಕಿ ಮೂರು ದಿನ ಸುತ್ತಿಗೆ ಹೊಡೆದು, ಅಂಗೈಯೆಲ್ಲ ಬೊಬ್ಬೆ ಎದ್ದು ಮನೆಗೆ ಬಂದಿದ್ದ. ಆ ವಾರ ಶಿವಗಂಗಮ್ಮನೇ ಅವನಿಗೆ ತುತ್ತು ಕಲಸಿ ತಿನ್ನಿಸಿದ್ದಳು.

ಅವಳು ಅಲ್ಲಿ ನಿಂತಳು.   ಚಪ್ಪಡಿಗೆ ಇನ್ನೂ ಸಿಮೆಂಟು ಹಾಕಿರಲಿಲ್ಲ. ಹಾರೆ ಕೊಟ್ಟು ಎಂಟು ಜನ ಸರಿಸಿದರು. ಮಾರಯ್ಯನನ್ನು ಒಳಗೆ ಇಳಿಸಿದರು. ಆ ಹನ್ನೆರಡರಲ್ಲಿ ಮೂರು ಸಭೆಯವರೂ ಇದ್ದರು. ಕೆಲವರು ಸ್ವರ್ಗ ಎಂದರು, ಕೆಲವರು ಪರಲೋಕ ಎಂದರು. ಪ್ರಾರ್ಥನೆ ಒಟ್ಟಿಗೇ ಮುಗಿಯಿತು. ಆಮೇಲೆ ಚಪ್ಪಡಿ ಎಳೆದು, ಉಮೇಶ್ ತಂದಿದ್ದ ಸಿಮೆಂಟಿನಿಂದ ಸುತ್ತಲೂ ಗಟ್ಟಿಯಾಗಿ ಮೆತ್ತಿದರು.

ಮಂಗಳವಾರ ತಾಲೂಕು ಆಫೀಸಿನಲ್ಲಿ ಎಲ್ಲರೂ ಸೇರಿದರು. ಲಸ್ರಾದೊ ದೂರು ಕೊಟ್ಟಿದ್ದರು. ಪೊಲೀಸರು, ಹೂತ ಹೆಣ ತೆಗೆಸುವುದು ನಮ್ಮ ಕೆಲಸವಲ್ಲ, ಅದಕ್ಕೆ ಆದೇಶ ಬೇಕು ಎಂದು ಇಲ್ಲಿಗೆ ಕಳಿಸಿದ್ದರು. ತಹಶೀಲ್ದಾರ್ ಮೇಡಂ ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಎರಡು ಸಲ ಓದಿದರು. ಎದುರಿಗೆ ನಾಲ್ಕು ಕುರ್ಚಿಯಲ್ಲಿ ಲಸ್ರಾದೊ, ಫಾದರ್, ಅಯ್ಯನವರು, ಪಾಸ್ಟರ್. ಶಿವಗಂಗಮ್ಮ ಬಾಗಿಲ ಹತ್ತಿರ ನಿಂತಿದ್ದಳು.

“ಅದು ನನ್ನ ಗೋರಿ ಮೇಡಂ,” ಎಂದರು ಲಸ್ರಾದೊ.

“ನೀವಿನ್ನೂ ಇದ್ದೀರಲ್ಲ.”

“ನಾಳೆ ನನಗೆ ಬೇಕಾಗ್ತದೆ.”

“ಆವತ್ತು ನೋಡೋಣ. ಹೆಣ ತೆಗೀರಿ ಅಂತ ಕೇಳ್ಬೇಕಾದವರು ಹೆಣದ ಕಡೆಯವರು. ಮನೆಯವರು, ಇಲ್ಲ ಅವನು ಯಾವ ಸಭೆಯವನೋ ಆ ಸಭೆಯವರು. ನಿಮ್ಮ ಮೂವರಲ್ಲಿ ಒಬ್ಬರು ಅವನು ನಮ್ಮವನು ಅಂತ ಬರೆದುಕೊಡಿ. ಅರ್ಜಿ ತಗೋತೀನಿ.”

ಫಾದರ್ ಪೆನ್ನು ತೆಗೆದರು. ತೆಗೆದು ಯೋಚಿಸಿದರು. ನಮ್ಮವನು ಎಂದು ಬರೆದರೆ, ನಿಮ್ಮವನು ನಿಮ್ಮ ಸ್ಮಶಾನದಲ್ಲೇ ಇದ್ದಾನಲ್ಲ, ತೆಗೆಯುವುದು ಏಕೆ ಎನ್ನುತ್ತಾರೆ. ನಮ್ಮವನಲ್ಲ ಎಂದರೆ ಅರ್ಜಿ ನಡೆಯುವುದಿಲ್ಲ. ಅವರು ಪೆನ್ನನ್ನು ಅಯ್ಯನವರ ಕಡೆ ಸರಿಸಿದರು. ಅಯ್ಯನವರು ಬರೆದರೆ ಅವನನ್ನು ತಮ್ಮ ಸ್ಮಶಾನಕ್ಕೆ ಹೊತ್ತುಕೊಂಡು ಹೋಗಬೇಕು. ಅವರು ಪೆನ್ನನ್ನು ಪಾಸ್ಟರ್ ಕಡೆ ಸರಿಸಿದರು. ಪಾಸ್ಟರಿಗೆ ಜಾಗವೇ ಇರಲಿಲ್ಲ. ಅವರು ಕಣ್ಣು ಮುಚ್ಚಿ ತುಟಿ ಆಡಿಸತೊಡಗಿದರು. ಲಸ್ರಾದೊ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದರು.

ಮೇಡಂ ಬಾಗಿಲ ಕಡೆ ಕತ್ತೆತ್ತಿದರು. “ಅಲ್ಲಿ ನಿಂತಿರೋರು ಯಾರು?”

“ನಾನು ಮಾರಯ್ಯನ ಹೆಂಡ್ತಿ.”

“ನೀವು ಏನಾದ್ರೂ ಬರೆದುಕೊಡ್ತೀರಾ?”

ನೀವು ಎನ್ನುವುದು ತನಗೇ ಹೇಳಿದ್ದು ಎಂದು ಅರ್ಥವಾಗಲು ಶಿವಗಂಗಮ್ಮನಿಗೆ ಒಂದು ಗಳಿಗೆ ಬೇಕಾಯಿತು.

“ಕೊಡ್ತೇನೆ ಮೇಡಂ. ಅವನು ನಮ್ಮವನು ಅಂತ ಬರ್ಕೊಳ್ಳಿ. ಅಲ್ಲಿಂದ ತೆಗೆಯೋದು ಬೇಡ ಅಂತ್ಲೂ ಬರ್ಕೊಳ್ಳಿ.”

“ನಮ್ಮವನು ಅಂದ್ರೆ? ಯಾವ ಸಭೆ ಅಂತ ಬರೀಲಿ?”

“ಹೊರಗೆ ಹನ್ನೊಂದು ಜನ ನಿಂತಿದ್ದಾರೆ. ಅವರನ್ನೂ ಕರೀತೇನೆ. ಎಲ್ಲರ ಹೆಸರೂ ಬರೀರಿ. ಅದೇ ಸಭೆ.”

ಅವಳು ಬಾಗಿಲನ್ನು ಪೂರ್ತಿ ತೆರೆದು ಜವರಮ್ಮನನ್ನು ಕರೆದಳು. ಜವರಮ್ಮನ ಹಿಂದೆ ಉಮೇಶ್ ಬಂದ. ಅವನ ಹಿಂದೆ ಉಳಿದವರು ಬಂದರು. ಸಣ್ಣ ಕೋಣೆ. ಎಲ್ಲರೂ ಒಳಗೆ ಹಿಡಿಯಬೇಕಾದರೆ ಫಾದರ್, ಅಯ್ಯನವರು, ಪಾಸ್ಟರ್ ಮೂವರೂ ಎದ್ದು ಕುರ್ಚಿ ಮಡಚಿ ಗೋಡೆಗೆ ಒತ್ತಿ ನಿಲ್ಲಬೇಕಾಯಿತು.